ಇಬ್ಬರಿಗೊಂದು ದಿನ

‘ದಂಪತಿ’ ಎಂಬ ಮಾತಿನಲ್ಲಿ ಜಾಯೆಯೂ ಇದ್ದಾಳೆ, ಪತಿಯೂ ಇದ್ದಾನೆ, ಅದು ದ್ವಂದ್ವಸಮಾಸ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗನೊಬ್ಬ, “ದ್ವಂದ್ವ ಅಂದರೆ ಕಾಳಗ ಅಲ್ಲವೆ ಸಾರ್?” ಎಂದು ಕೇಳುವುದುಂಟು. ಅವನ ಸಂದೇಹದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಗರದ ಮನೆಗಳಲ್ಲಿ ನನಗೆ ಕಾಣುವುದು ಕಾಳಗಕ್ಕಿಂತ ಹೆಚ್ಚಾಗಿ ಮೌನ. ಹಾಲು ಬಂತೆ, ಕರೆಂಟಿನ ಬಿಲ್ಲು ಕಟ್ಟಿದ್ದಾಯಿತೆ ಎಂಬಲ್ಲಿಗೆ ಸತಿಪತಿಗಳ ಸಂಭಾಷಣೆ ಮುಗಿಯುತ್ತದೆ. ಉಳಿದ ಹೊತ್ತು ಇಬ್ಬರ ಕೈಯಲ್ಲಿಯೂ ಮೊಬೈಲು. ಹೊರಗೆ ಹೋಗೋಣವೆಂದರೆ ಖರ್ಚಿನ ಅಂಜಿಕೆ. ಆ ಅಂಜಿಕೆಗೆ ಕಾರಣವಿಲ್ಲವೆಂಬುದನ್ನು ನಮ್ಮ ಮೈಸೂರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಭಾನುವಾರವನ್ನೇ ಆರಿಸಿಕೊಳ್ಳಿ, ಕಾರಣ ಸಂಜೆಗೆ ತಿಳಿಯುತ್ತದೆ. ಬುತ್ತಿ ಕಟ್ಟಿಸಬೇಡಿ. ಮನೆಯಾಕೆ ನಾಲ್ಕು ಗಂಟೆಗೆ ಎದ್ದು ಚಿತ್ರಾನ್ನ ಕಲಸುವುದಾದರೆ ವಿಹಾರವೆಲ್ಲ ಗಂಡನ ಪಾಲಿಗೆ, ಆಯಾಸವೆಲ್ಲ ಹೆಂಡತಿಯ ಪಾಲಿಗೆ. ಸ್ಕೂಟರನ್ನೂ ಮನೆಯಲ್ಲಿಯೇ ಬಿಡಿ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯ ಪ್ರಕಾರ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಇಬ್ಬರು ಹೊರಟರೆ ದುಡ್ಡು ತೆರುವವನು ಒಬ್ಬನೇ!

ಬೆಳಕು ಹರಿಯುವ ಹೊತ್ತಿಗೆ ಚಾಮುಂಡಿಬೆಟ್ಟದ ಪಾದದಲ್ಲಿರಿ. ಮೆಟ್ಟಿಲುಗಳು ಸಾವಿರದಷ್ಟಿವೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮದುವೆಯಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ನಾವಿಬ್ಬರೇ ಬೆಟ್ಟ ಹತ್ತಿದೆವು. ನನ್ನದು ಬಿರುಸು ನಡಿಗೆ. ನಂದಿಯ ಬಳಿ ತಲುಪಿ, ಬೆವರು ಒರೆಸಿಕೊಂಡು, ಆಕೆ ಬಂದೊಡನೆ, “ಎಷ್ಟು ಹೊತ್ತು ಕಾಯಿಸಿದೆ!” ಎಂದೆ. ಆಕೆ ಕಟ್ಟೆಯ ಮೇಲೆ ಕುಳಿತು ದಮ್ಮು ಆರಿಸಿಕೊಂಡು, “ನೀವು ಯಾವಾಗಲೂ ಮುಂದೆ ಹೋಗಿ ಕಾಯ್ತೀರಿ. ಜೊತೆಗೆ ಬಂದಿದ್ದು ಯಾವಾಗ?” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಛಂದಸ್ಸು, ಅಲಂಕಾರ ಕಲಿತ ನನಗೆ ಆ ಎರಡು ವಾಕ್ಯಗಳಿಗೆ ಉತ್ತರ ಹೊಳೆಯಲಿಲ್ಲ. ಉಳಿದ ಮೆಟ್ಟಿಲುಗಳನ್ನು ಆಕೆಯ ಹೆಜ್ಜೆಗೆ ಹೆಜ್ಜೆ ಸೇರಿಸಿ ಹತ್ತಿದೆ. ಹುಡುಗಿಯಾಗಿದ್ದಾಗ ತನ್ನ ಊರಿನ ಕೆರೆಯಲ್ಲಿ ಈಜುತ್ತಿದ್ದೆನೆಂದು ಆಕೆ ಹೇಳಿದ್ದು ಅಂದೇ. ಇಪ್ಪತ್ತಾರು ವರ್ಷ ಈ ಸಂಗತಿ ನನಗೆ ಗೊತ್ತಿರಲಿಲ್ಲ.

ಆ ನಂದಿ ಒಂದೇ ಬಂಡೆಯಲ್ಲಿ ಕಡೆದದ್ದು. ಎತ್ತರ ಸುಮಾರು 15 ಅಡಿ. ದೊಡ್ಡ ದೇವರಾಜ ಒಡೆಯರ ಕಾಲದ್ದು. ದೇವಿಯ ದರ್ಶನ ಮುಗಿಸಿ ಬಸ್ಸಿನಲ್ಲಿ ಇಳಿದರೆ ಮಂಡಿಗಳಿಗೂ ಕ್ಷೇಮ. ಪೇಟೆಗೆ ಬಂದು ಮಸಾಲೆ ದೋಸೆ, ಕಾಫಿ. ಹೆಸರಾಂತ ಹೋಟೆಲೇ ಆಗಬೇಕೆಂದಿಲ್ಲ.

ಅನಂತರ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ, ಮೂಸುವುದಕ್ಕೆ. ಕುಂಕುಮದ ಗೋಪುರಗಳು, ಬಾಳೆಗೊನೆಗಳು, ಹೂವಿನ ರಾಶಿ. ಒಂದು ಮೊಳ ಮಲ್ಲಿಗೆಯನ್ನಂತೂ ಕೊಳ್ಳಿ. ಅದರಲ್ಲಿ ಚೌಕಾಸಿ ಬೇಡ. ಮಧ್ಯಾಹ್ನದ ಊಟವಾದ ಮೇಲೆ ಬಿಸಿಲಿಳಿಯುವ ತನಕ ಮರದ ನೆರಳಿನಲ್ಲಿ ಎಲ್ಲಿಯಾದರೂ ಸುಮ್ಮನೆ ಕುಳಿತಿರಿ.

ಸಂಜೆಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಕುವೆಂಪು ಅವರ ವಾಯುಸಂಚಾರದ ತಾಣ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ಏರಿಯ ಮೇಲೆ ನಡೆಯಬಹುದು. ಸಮೀಪದಲ್ಲಿಯೇ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಸೌಧವಿದು. ಇವರ ಮದುವೆಯ ಸಂದರ್ಭದಲ್ಲಿಯೇ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದದ್ದು. ಚಪ್ಪರದಲ್ಲಿ ಹೋಳಿಗೆ ಸಾಲದೆ ಬಂದಿತೆಂದು ಇಂದಿಗೂ ಮುನಿಸಿಕೊಂಡಿರುವ ಬೀಗರು ಇದನ್ನು ನೆನೆಯಬಹುದು!

ಆ ಬೂದಿಯ ಜಾಗದಲ್ಲಿ ಎದ್ದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಭಾನುವಾರ ಎಂದೆನಲ್ಲ, ಅದು ಈ ಅರಮನೆಗಾಗಿ. ಅಂದು ರಾತ್ರಿ 7 ಗಂಟೆಯ ಹೊತ್ತಿಗೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಎಷ್ಟು ಸಲ ನೋಡಿದ್ದರೂ ಆ ಕ್ಷಣಕ್ಕೆ ಜನ “ಓ!” ಎನ್ನದೆ ಇರರು. ಚಿತ್ರ ತೆಗೆಯುವ ಆತುರದಲ್ಲಿ ಮೊಬೈಲನ್ನು ಎತ್ತಿ ಹಿಡಿದವರಿಗೆ ಪಕ್ಕದವರ ಮುಖ ಕಾಣುವುದಿಲ್ಲ. ನಾನು ಆ ಸಂಜೆ ಅರಮನೆಯನ್ನು ಅರ್ಧ ನೋಡಿದೆ; ಉಳಿದರ್ಧ ಆಕೆಯ ಕನ್ನಡಕದಲ್ಲಿ ಕಂಡಿತು.

ಬೆಳಗ್ಗೆ ಜೇಬಿನಲ್ಲಿಟ್ಟುಕೊಂಡು ಹೊರಟ ಐನೂರರ ನೋಟಿನಲ್ಲಿ ಚಿಲ್ಲರೆ ಉಳಿದಿತ್ತು. ದೀಪ ಆರಿದ ಮೇಲೆ ನಗರ ಬಸ್ ನಿಲ್ದಾಣಕ್ಕೆ ಅಲ್ಲಿಂದ ನಡೆಯುವಷ್ಟೇ ದೂರ. ನಿಮ್ಮ ಬಡಾವಣೆಯ ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ. ನಾವು ಕೇಳಿರಲಿಲ್ಲ, ಮನೆಯವರೆಗೂ ನಡೆದೆವು.