ಮುಂದಕ್ಕೇ ನಡೆದ ಜೋ ಫ್ರೇಜಿಯರ್



ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ಬಾಕ್ಸರ್‌ನ ಕಂಚಿನ ಪ್ರತಿಮೆ ಇದೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಪ್ರವಾಸಿಗರು ಸಾಲುಗಟ್ಟುತ್ತಾರೆ. ಆ ಬಾಕ್ಸರ್ ಹೆಸರು ರಾಕಿ. ಅವನು ಹುಟ್ಟಿದ್ದು 1976ರಲ್ಲಿ, ಸಿನಿಮಾದ ಪರದೆಯ ಮೇಲೆ. ಮಾಂಸದ ಶೀತಲಕೋಣೆಯಲ್ಲಿ ನೇತುಬಿಟ್ಟ ದನದ ಮಾಂಸಕ್ಕೆ ಗುದ್ದಿ ಗುದ್ದಿ ಅವನು ಅಭ್ಯಾಸ ಮಾಡುವ ದೃಶ್ಯ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೇ ಊರಿನ ಕಸಾಯಿಖಾನೆಯಲ್ಲಿ ಕೂಲಿಗಿದ್ದಾಗ ನಿಜವಾಗಿ ಹಾಗೆ ಗುದ್ದುತ್ತಿದ್ದವನು ಜೋ ಫ್ರೇಜಿಯರ್. ಆ ಚಿತ್ರದಲ್ಲಿ ಜೋಗೆ ಸಿಕ್ಕಿದ್ದು ಬಂದು ಹೋಗುವಷ್ಟು ಚಿಕ್ಕ ಪಾತ್ರ. ಆತನ ಪ್ರತಿಮೆ ನಗರದಲ್ಲಿ ಎದ್ದದ್ದು 2015ರಲ್ಲಿ, ಆತ ತೀರಿಕೊಂಡು ನಾಲ್ಕು ವರ್ಷವಾಗುವ ಹೊತ್ತಿಗೆ.

ಸಿನಿಮಾ ನಾಯಕ ರಾಕಿಯ ನೆರಳು ಒಂದು ಕಡೆ, ಎದುರಾಳಿ ಬಾಕ್ಸರ್ ಮಹಮ್ಮದ್ ಅಲಿಯ ನೆರಳು ಇನ್ನೊಂದು ಕಡೆ. ಇವೆರಡರ ನಡುವೆ ಜೋ ಎಂಥ ಕಲಾವಿದ ಎಂಬುದು ಮರೆತುಹೋಗಿದೆ. ಈ ಹೊತ್ತು ಅದನ್ನೇ ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ಜೋ ಹುಟ್ಟಿದ್ದು 1944ರ ಜನವರಿಯಲ್ಲಿ, ದಕ್ಷಿಣ ಕ್ಯಾರೊಲಿನಾ ರಾಜ್ಯದ ಬ್ಯೂಫರ್ಟ್‌ನಲ್ಲಿ. ಸಣ್ಣ ಜಮೀನಿನ ಬಡ ಕಪ್ಪು ಕುಟುಂಬ, ತಾಯಿಗೆ ಹನ್ನೆರಡನೆಯ ಮಗು. ಅಪ್ಪನ ಎಡಗೈ ಅರ್ಧಕ್ಕೇ ತುಂಡಾಗಿತ್ತು. ಹೊಲದಲ್ಲಿ, ಮನೆಯಲ್ಲಿ ಅಪ್ಪನ ಎಡಗೈ ಮಾಡಬೇಕಾದ ಕೆಲಸವೆಲ್ಲ ಈ ಹುಡುಗನದು. ಗೋಣಿಚೀಲಕ್ಕೆ ಚಿಂದಿಬಟ್ಟೆ, ಜೋಳದ ಬೆಂಡು, ನಡುವೆ ಒಂದು ಇಟ್ಟಿಗೆ ತುಂಬಿ ಮರಕ್ಕೆ ಕಟ್ಟಿಕೊಂಡು ಗುದ್ದುವುದು ಅವನ ಆಟ. ಒಮ್ಮೆ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟು ಮಾಡಿಕೊಂಡ. ಡಾಕ್ಟರಿಗೆ ಕೊಡಲು ಮನೆಯಲ್ಲಿ ದುಡ್ಡಿರಲಿಲ್ಲ. ಕೈ ತನ್ನಷ್ಟಕ್ಕೆ ವಾಸಿಯಾಯಿತು, ಪೂರ್ತಿ ನೆಟ್ಟಗಾಗಲಿಲ್ಲ. ಮೊಣಕೈ ಬಳಿ ಕೊಂಚ ಬಾಗಿಯೇ ಉಳಿದ ಆ ಕೈ, ಪಕ್ಕದಿಂದ ಬಾಗಿಸಿ ಬೀಸುವ ಹುಕ್ ಎಂಬ ಏಟು ಹೊಡೆಯಲೆಂದೇ ಸಜ್ಜಾದಂತಿತ್ತು ಎಂದು ಜೋ ಮುಂದೆ ತಾನೇ ಹೇಳಿಕೊಂಡಿದ್ದಾನೆ.

ಹದಿನೈದರ ಪ್ರಾಯದಲ್ಲಿ ಊರು ಬಿಟ್ಟು ಉತ್ತರಕ್ಕೆ ಹೋದ. ಫಿಲಡೆಲ್ಫಿಯಾದ ಜಿಮ್ಮಿಗೆ ಕಾಲಿಟ್ಟದ್ದು ಮೈ ಇಳಿಸಿಕೊಳ್ಳಲು. ಅಲ್ಲಿ ಯಾಂಕ್ ಡರಮ್ ಎಂಬ ತರಬೇತುದಾರನ ಕಣ್ಣಿಗೆ ಬಿದ್ದ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಬೇಕಿದ್ದ ಬಸ್ಟರ್ ಮ್ಯಾಥಿಸ್ ಗಾಯಗೊಂಡಿದ್ದರಿಂದ ಜೋಗೆ ಅವಕಾಶ ಸಿಕ್ಕಿತು. ಸೆಮಿಫೈನಲ್‌ನಲ್ಲಿ ಎಡಗೈ ಹೆಬ್ಬೆರಳು ಮುರಿಯಿತು. ಯಾರಿಗೂ ಬಾಯಿಬಿಡದೆ ಫೈನಲ್‌ಗೆ ಇಳಿದು, ಹೆಚ್ಚಾಗಿ ಬಲಗೈಯನ್ನೇ ನೆಚ್ಚಿ, ಜರ್ಮನಿಯ ಹಾನ್ಸ್ ಹೂಬರ್ ವಿರುದ್ಧ 3–2ರಿಂದ ಚಿನ್ನ ಗೆದ್ದ.

ಈಗ ಕಲೆಯ ಮಾತು. ಬಾಕ್ಸಿಂಗ್‌ನಲ್ಲಿ ಉದ್ದ ಕೈಯವನಿಗೆ ಮೊದಲೇ ಅರ್ಧ ಗೆಲುವು. ದೂರ ನಿಂತು ಎಡಗೈ ಚಾಚಿ ಎದುರಾಳಿಯ ಮುಖಕ್ಕೆ ಕುಟುಕುತ್ತಲೇ ಇರಬಹುದು. ಜ್ಯಾಬ್ ಅಂದರೆ ಇದೇ. ಜೋನ ಎತ್ತರ ಆರಡಿಗೂ ಚೂರು ಕಡಿಮೆ. ಹೆವಿವೇಟ್ ವಿಭಾಗದಲ್ಲಿ ಅದು ಗಿಡ್ಡ ಆಳು. ಅಂಥವನಿಗೆ ಇರುವುದು ಒಂದೇ ದಾರಿ, ಆ ಉದ್ದ ಕೈಯನ್ನು ದಾಟಿ ಒಳಗೆ ನುಗ್ಗುವುದು. ಜೋ ಮೊಣಕಾಲು ಮಡಿಸಿ, ಗಲ್ಲವನ್ನು ಎದೆಗೆ ಒತ್ತಿಕೊಂಡು, ತಲೆಯನ್ನು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡಿಸುತ್ತ ಮುಂದೆ ಮುಂದೆ ಬರುತ್ತಿದ್ದ. ಎದುರಾಳಿಯ ಏಟು ತಲೆಯ ಮೇಲೆ, ಕಿವಿಯ ಪಕ್ಕ ಹಾದುಹೋಗಬೇಕು. ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ತಲೆ ಎಡಕ್ಕೆ ಬಾಗಿದಾಗಲೆಲ್ಲ ಮೈಭಾರ ಎಡಗಾಲಿನ ಮೇಲೆ ಬೀಳುತ್ತದೆ. ಅಲ್ಲಿಂದ ಎದ್ದರೆ ಸೊಂಟ ತಿರುಗುತ್ತದೆ, ಸೊಂಟದ ಹಿಂದೆಯೇ ಭುಜ, ಭುಜದ ಹಿಂದೆ ಎಡ ಮುಷ್ಟಿ. ಏಟು ತಪ್ಪಿಸಿಕೊಂಡ ಚಲನೆಯೇ ಏಟು ಕೊಡುವ ಸಿದ್ಧತೆಯೂ ಆಗಿಬಿಡುತ್ತದೆ. ಜೋನ ಎಡಗೈ ಹುಕ್ ಹುಟ್ಟುತ್ತಿದ್ದುದು ಕಾಲಿನಲ್ಲಿ.

ಇದಕ್ಕೆ ಬೆಲೆಯನ್ನೂ ತೆರಬೇಕಿತ್ತು. ಒಳಗೆ ನುಗ್ಗುವವನಿಗೆ ಹತ್ತು ಏಟು ತಪ್ಪಿದರೂ ಎರಡು ಬೀಳುತ್ತವೆ. ಮೂರು ನಿಮಿಷದ ಒಂದೊಂದು ಸುತ್ತಿನಲ್ಲೂ ಬಗ್ಗಿ ಏಳುತ್ತಲೇ ಇರಲು ಉಸಿರು ಬೇಕು, ತೊಡೆಯಲ್ಲಿ ಕಸುವು ಬೇಕು. ಹಿಂದೆ ಸರಿದು ದಣಿವಾರಿಸಿಕೊಳ್ಳುವ ಸೌಲಭ್ಯ ಈ ಶೈಲಿಯಲ್ಲಿ ಇಲ್ಲ.

1971ರ ಮಾರ್ಚ್ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜೋ ಆಗ ವಿಶ್ವ ಚಾಂಪಿಯನ್, 26 ಪಂದ್ಯಗಳಲ್ಲಿ ಸೋಲು ಕಂಡವನಲ್ಲ. ಎದುರಿಗೆ 31 ಪಂದ್ಯ ಆಡಿ ಸೋಲರಿಯದ ಅಲಿ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ಒಲ್ಲೆನೆಂದು ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ರಿಂಗ್‌ನಿಂದ ಹೊರಗಿದ್ದು ಮರಳಿದವನು. ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಹಾಡುಗಾರ ಫ್ರಾಂಕ್ ಸಿನಾತ್ರ ಅಂದು ರಿಂಗ್ ಪಕ್ಕದಲ್ಲಿ ಲೈಫ್ ಪತ್ರಿಕೆಗಾಗಿ ಕ್ಯಾಮೆರಾ ಹಿಡಿದು ನಿಂತಿದ್ದ!

ಜೋನ ಬಳಗದಲ್ಲಿ ಎಡ್ಡಿ ಫಚ್ ಎಂಬ ಸೂಕ್ಷ್ಮ ಕಣ್ಣಿನ ತರಬೇತುದಾರನಿದ್ದ. ಬಲಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಬೀಸುವ ಅಪ್ಪರ್‌ಕಟ್ ಹೊಡೆಯುವ ಮುನ್ನ ಅಲಿ ಆ ಕೈಯನ್ನು ಕೆಳಗಿಳಿಸುತ್ತಾನೆ, ಆಗ ದವಡೆಗೆ ಕಾವಲಿರುವುದಿಲ್ಲ ಎಂಬುದನ್ನು ಆತ ಕಂಡುಕೊಂಡಿದ್ದ. ಹದಿನೈದನೇ ಸುತ್ತು, ಅದೇ ಕೊನೆಯದು. ಅಲಿಯ ಬಲಗೈ ಇಳಿಯಿತು. ಜೋ ನೆಲದಿಂದಲೇ ಎತ್ತಿದಂತೆ ಎಡಗೈ ಬೀಸಿದ. ಅಲಿ ಅಂಗಾತ ಬಿದ್ದ, ಬೂಟಿನ ಕೆಂಪು ಕುಚ್ಚುಗಳು ಮೇಲಕ್ಕೆ ಹಾರಿದವು. ನಾಲ್ಕೈದು ಸೆಕೆಂಡಿನಲ್ಲಿ ಅಲಿ ಎದ್ದು ನಿಂತದ್ದೂ ಅಷ್ಟೇ ದೊಡ್ಡ ಸಾಹಸ. ತೀರ್ಪು ಒಮ್ಮತದಿಂದ ಜೋನ ಕಡೆ ಬಂತು. ಗೆದ್ದವನೂ ಆಮೇಲೆ ಆಸ್ಪತ್ರೆ ಸೇರಬೇಕಾಯಿತು.

ಈ ಕಥೆಯಲ್ಲಿ ಕಹಿಯೂ ಉಂಟು. ಅಲಿ ಕಷ್ಟದಲ್ಲಿದ್ದಾಗ ಜೋ ಹಣ ಕೊಟ್ಟು ನೆರವಾಗಿದ್ದ. ಅದೇ ಅಲಿ ಅವನನ್ನು ಬಿಳಿಯರ ಬಾಲಬಡುಕ ಎಂದು ಜರೆದ, ಗೊರಿಲ್ಲಾ ಎಂದು ಹೀಯಾಳಿಸಿ ರಬ್ಬರ್ ಗೊಂಬೆ ಹಿಡಿದು ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಟಿಕೆಟ್ ಮಾರಾಟಕ್ಕೆ ಅದು ಒದಗಿತು, ಜೋನ ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸಬೇಕಾಯಿತು. 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ. ಅಷ್ಟರಲ್ಲಿ ಜೋ ಆ ಗಾಯವನ್ನು ಮೂರು ದಶಕ ಸಾಕಿಕೊಂಡಿದ್ದ, ಅಲಿಯ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಆಡಬಾರದ ಮಾತನ್ನೂ ಆಡಿದ್ದ. ಅವನನ್ನು ನೆನೆಯುವಾಗ ಇದನ್ನೂ ಮುಚ್ಚಿಡಬೇಕಾಗಿಲ್ಲ.

1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಬಾಕ್ಸರ್ ಜಾರ್ಜ್ ಫೋರ್‌ಮನ್ ಜೋನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ, ಆರು ಸಲವೂ ಜೋ ಎದ್ದ. ಕೊನೆಗೆ ರೆಫರಿಯೇ ನಿಲ್ಲಿಸಿದ. 1975ರ ಅಕ್ಟೋಬರ್ 1, ಮನಿಲಾ. ಅಲಿಯೊಂದಿಗೆ ಮೂರನೇ ಮತ್ತು ಕೊನೆಯ ಕಾಳಗ. ಬೇಯಿಸುವ ಸೆಕೆಯಲ್ಲಿ ಹದಿನಾಲ್ಕು ಸುತ್ತು ಮುಗಿದಾಗ ಜೋನ ಕಣ್ಣು ಊದಿಕೊಂಡು ಬರುವ ಏಟೇ ಕಾಣುತ್ತಿರಲಿಲ್ಲ. ಫಚ್ ಪಂದ್ಯ ಬಿಟ್ಟುಕೊಟ್ಟ. ಜೋ ಒಪ್ಪಲಿಲ್ಲ, ಹದಿನೈದನೆಯದಕ್ಕೂ ಹೋಗುತ್ತೇನೆಂದ. ಫಚ್ ಜಗ್ಗಲಿಲ್ಲ. ಶಿಷ್ಯನ ಹಟಕ್ಕಿಂತ ಪ್ರಾಣ ದೊಡ್ಡದೆಂದು ತಿಳಿದ ಗುರುವನ್ನೂ ನಾವು ನೆನೆಯಬೇಕು. ಗೆದ್ದ ಅಲಿ ಸಾವಿನ ಬಾಗಿಲಿಗೆ ಹೋಗಿ ಬಂದಂತಾಯಿತು ಎಂದ.

ಒಟ್ಟು 37 ಪಂದ್ಯ, 32 ಗೆಲುವು, ಅದರಲ್ಲಿ 27 ನಾಕ್‌ಔಟ್. ಸೋತದ್ದು ನಾಲ್ಕೇ, ಅಲಿಗೆ ಎರಡು, ಫೋರ್‌ಮನ್‌ಗೆ ಎರಡು. ಫಿಲಡೆಲ್ಫಿಯಾದ ನಾರ್ತ್ ಬ್ರಾಡ್ ಸ್ಟ್ರೀಟ್‌ನಲ್ಲಿ ಜೋ ನಡೆಸುತ್ತಿದ್ದ ಜಿಮ್ಮಿಗೆ ಊರಿನ ಹುಡುಗರು ಗ್ಲೌಸ್ ತೊಡಲು ಬರುತ್ತಿದ್ದರು. ಅದು 2008ರಲ್ಲಿ ಮುಚ್ಚಿತು, ಅಲ್ಲೊಂದು ಪೀಠೋಪಕರಣದ ಅಂಗಡಿ ಬಂತು. 2011ರ ನವೆಂಬರ್‌ನಲ್ಲಿ ಲಿವರ್ ಕ್ಯಾನ್ಸರ್ ಜೋನನ್ನು ಒಯ್ದಾಗ, ಮೈ ನಡುಗುವ ಅಲಿ ಅಂತ್ಯಕ್ರಿಯೆಗೆ ಬಂದಿದ್ದ. 2013ರಲ್ಲಿ ಆ ಜಿಮ್ಮಿನ ಕಟ್ಟಡ ರಾಷ್ಟ್ರೀಯ ಸ್ಮಾರಕಗಳ ಪಟ್ಟಿ ಸೇರಿತು.

ಅಲಿ ಎಷ್ಟು ದೊಡ್ಡವನು ಎಂದು ಜಗತ್ತಿಗೆ ತಿಳಿದದ್ದು ಜೋ ಎದುರಿಗಿದ್ದುದರಿಂದ. ಇದು ನಿಜ, ಆದರೆ ಇಷ್ಟಕ್ಕೇ ಅವನನ್ನು ನೆನೆದರೆ ಸಾಲದು. 1971ರ ಪಂದ್ಯದ ಚಿತ್ರಣ ಇಂದು ಸುಲಭವಾಗಿ ಸಿಗುತ್ತದೆ. ನೋಡುವಾಗ ಕೊನೆಯ ಸುತ್ತಿಗೆ ಹಾರಬೇಡಿ. ಮೊದಲಿನಿಂದ ನೋಡಿ, ಅಲಿಯ ಮುಖದಿಂದ ಕಣ್ಣು ಕಿತ್ತು ಜೋನ ಮೊಣಕಾಲುಗಳನ್ನು ನೋಡಿ. ಹದಿನಾಲ್ಕು ಸುತ್ತು ಅವು ಪಟ್ಟ ಪಾಡು ಕಂಡವರಿಗೆ ಹದಿನೈದನೆಯ ಸುತ್ತಿನ ಆ ಹುಕ್ ಅದೃಷ್ಟದ ಏಟು ಎನಿಸುವುದಿಲ್ಲ.