ಮೀನು ಮರಳುವ ಹೊಳೆ

(ಉಪನ್ಯಾಸದ ಬರಹ ರೂಪ)

ಒಂದು ಹೊಳೆ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ದಂಡೆಯ ಮೇಲೆ ನಿಂತು ನೀರಿನಲ್ಲಿ ಮೀನಿದೆಯೇ ಎಂದು ನೋಡಿದರೂ ಅರ್ಧ ಉತ್ತರ ಸಿಗುತ್ತದೆ. ಆ ಮೀನು ಮೊಟ್ಟೆಯಿಡಲು ಅಲ್ಲಿಗೇ ಬರುತ್ತಿದ್ದರೆ ಉಳಿದರ್ಧ ಉತ್ತರವೂ ಸಿಕ್ಕಂತೆ. ಏಕೆಂದರೆ ದೊಡ್ಡ ಮೀನು ಕೊಳಕು ನೀರನ್ನು ಹೇಗೋ ಸಹಿಸಿಕೊಂಡು ದಾಟೀತು; ಮೊಟ್ಟೆ ಮತ್ತು ಮರಿಗೆ ಅದು ಆಗದು.

ಜಪಾನಿನ ಉತ್ತರ ಭಾಗದಲ್ಲಿ ಸಪ್ಪೊರೊ ಎಂಬ ನಗರವಿದೆ. ಸುಮಾರು 20 ಲಕ್ಷ ಜನಸಂಖ್ಯೆ. ಊರ ನಡುವೆಯೇ ತೊಯೊಹಿರ ನದಿ ಹರಿಯುತ್ತದೆ. ಶರತ್ಕಾಲ ಬಂತೆಂದರೆ ಜನ ಅದರ ದಂಡೆಗೆ ಬಂದು ನೀರನ್ನೇ ನೋಡುತ್ತ ನಿಲ್ಲುತ್ತಾರೆ. ಸಮುದ್ರದಿಂದ ಹಿಂದಿರುಗುವ ಸಾಲ್ಮನ್ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜಿಕೊಂಡು ಬರುವ ಹೊತ್ತು ಅದು. ಈ ನೋಟ ಅವರಿಗೆ ಪುಕ್ಕಟೆಯಾಗಿ ದಕ್ಕಿದ್ದಲ್ಲ. ನಗರ ಬೆಳೆದು ಹೊಲಸು ನೀರು ಹೊಳೆಗೆ ಸೇರಿದಾಗ, 1950ರ ದಶಕದಲ್ಲಿ, ಸಾಲ್ಮನ್ ಅಲ್ಲಿಂದ ಮರೆಯಾಗಿತ್ತು. 1972ರ ಚಳಿಗಾಲದ ಒಲಿಂಪಿಕ್ಸ್ ಸಮಯಕ್ಕೆ ಊರಿನ ಒಳಚರಂಡಿ ವ್ಯವಸ್ಥೆ ವಿಸ್ತರಿಸಿತು, ನೀರು ತಿಳಿಯಾಗತೊಡಗಿತು. 1978ರಲ್ಲಿ ನಾಗರಿಕರು 'ಸಾಲ್ಮನ್, ಮರಳಿ ಬಾ' ಎಂಬ ಚಳವಳಿ ಹೂಡಿದರು. 1979ರಲ್ಲಿ ಮರಿಗಳನ್ನು ಬಿಟ್ಟರು. 1981ರ ಶರತ್ಕಾಲದಲ್ಲಿ ಮೀನು ಮರಳಿ ಬಂತು. ಇಂದು ಅಲ್ಲಿಗೆ ಬರುವ ಮೀನುಗಳಲ್ಲಿ ಬಹುಪಾಲು ಆ ಹೊಳೆಯಲ್ಲೇ ಹುಟ್ಟಿದವು.

ಸಾಲ್ಮನ್‌ನ ಬದುಕೇ ಒಂದು ವಿಸ್ಮಯ. ಅದು ಹುಟ್ಟುವುದು ಸಿಹಿನೀರಿನ ಹೊಳೆಯಲ್ಲಿ, ಬೆಳೆಯುವುದು ಸಮುದ್ರದಲ್ಲಿ. ಕೆಲವು ವರ್ಷಗಳ ಬಳಿಕ ಸಾವಿರಾರು ಕಿಲೋಮೀಟರ್ ಈಜಿ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ದಾರಿ ತಿಳಿಯುವುದು ಹೇಗೆ? ಹೊಳೆಯ ಹತ್ತಿರ ಬಂದ ಮೇಲೆ ವಾಸನೆಯಿಂದ, ಎಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ 1950ರ ದಶಕದಿಂದ ನಡೆಸಿದ ಪ್ರಯೋಗಗಳು ತೋರಿಸಿಕೊಟ್ಟವು. ಪ್ರತಿ ಹೊಳೆಗೂ ಅದರ ಮಣ್ಣು, ಕಲ್ಲು, ದಡದ ಗಿಡಮರಗಳಿಂದ ಬಂದ ತನ್ನದೇ ವಾಸನೆಯಿದೆ. ಮರಿಯಾಗಿದ್ದಾಗ ಮೂಗಿಗೆ ಹತ್ತಿದ ಆ ವಾಸನೆಯನ್ನು ಮೀನು ಮರೆಯುವುದಿಲ್ಲ. ಹೆಣ್ಣು ಮೀನು ಬಾಲದಿಂದ ಹರಳುಕಲ್ಲನ್ನು ಕೆದಕಿ ಗುಳಿ ಮಾಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಶಾಂತ ಸಾಗರದ ಸಾಲ್ಮನ್‌ಗಳು ಅಲ್ಲಿಗೆ ಬದುಕು ಮುಗಿಸಿ ಸಾಯುತ್ತವೆ. ಹರಳಿನ ಸಂದಿನಲ್ಲಿ ಹರಿಯುವ ನೀರಿನಲ್ಲಿ ಆಮ್ಲಜನಕ ಇದ್ದರೆ ಮಾತ್ರ ಮೊಟ್ಟೆ ಒಡೆಯುತ್ತದೆ. ಕೆಸರು ತುಂಬಿದರೆ ಉಸಿರುಗಟ್ಟಿ ಕೊಳೆಯುತ್ತದೆ.

ಲಂಡನ್ನಿನ ಥೇಮ್ಸ್ ನದಿಯ ಕತೆಯೂ ಇಂಥದೇ, ಆದರೆ ಅದರಲ್ಲಿ ಇನ್ನೊಂದು ಪಾಠವಿದೆ. ಆ ನದಿ ನಗರದ ಬಳಿ ಸತ್ತಂತೆಯೇ ಎಂದು 1957ರಲ್ಲಿ ವಿಜ್ಞಾನಿಗಳು ಸಾರಿದ್ದರು. ಕೊಳಚೆ ಶುದ್ಧೀಕರಣ ಸುಧಾರಿಸಿದ ಮೇಲೆ, 1974ರಲ್ಲಿ, ಅಲ್ಲಿನ ವಿದ್ಯುತ್ ಸ್ಥಾವರವೊಂದರ ಜಾಲರಿಯಲ್ಲಿ ಒಂದು ಸಾಲ್ಮನ್ ಸಿಕ್ಕಿತು. ಹಿಂದಿನದು ಸಿಕ್ಕಿದ್ದು 1833ರಲ್ಲಿ. ಊರಿಗೆ ಊರೇ ಸಂಭ್ರಮಿಸಿತು. ಬಳಿಕ ಹಲವು ವರ್ಷ ಬೇರೆಡೆಯ ಮರಿಗಳನ್ನು ತಂದು ನದಿಗೆ ಬಿಟ್ಟರು. ಆದರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇತ್ತೀಚೆಗೆ ಥೇಮ್ಸ್‌ಗೆ ಬಂದ ಮೀನುಗಳ ವಂಶವಾಹಿಗಳನ್ನು ಪರೀಕ್ಷಿಸಿ ಬೇರೆಯದೇ ಸಂಗತಿ ಹೇಳಿತು. ಅವು ತಂದು ಬಿಟ್ಟ ಮೀನಿನ ಸಂತತಿಯಲ್ಲ. ದಕ್ಷಿಣ ಇಂಗ್ಲೆಂಡಿನ ಇತರ ನದಿಗಳಿಂದ ದಾರಿ ತಪ್ಪಿ ತಾವಾಗಿಯೇ ಬಂದವು. ಅರ್ಥ ಇಷ್ಟೇ: ಮೀನನ್ನು ತಂದು ಸುರಿಯುವುದಕ್ಕಿಂತ ನೀರನ್ನು ಸರಿಪಡಿಸುವುದು ಮುಖ್ಯ.

ಇದೆಲ್ಲ ಚಳಿ ದೇಶಗಳ ಮಾತಾಯಿತು, ಕನ್ನಡ ನಾಡಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇಲ್ಲಿ ಸಾಲ್ಮನ್ ಇಲ್ಲ, ನಿಜ. ಆದರೆ ಪ್ರವಾಹಕ್ಕೆ ಎದುರಾಗಿ ಏರುವ ಮೀನು ಇಲ್ಲಿನವರಿಗೆ ಹೊಸದಲ್ಲ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಹೊಡೆತದ ಮಳೆ ಬಿದ್ದು ಹಳ್ಳಗಳು ತುಂಬಿದೊಡನೆ, ಹೊಳೆಯ ಮೀನುಗಳು ಹಳ್ಳ ಹತ್ತಿ, ಅಲ್ಲಿಂದ ಗದ್ದೆಗೂ ಹತ್ತಿ ಮೊಟ್ಟೆಯಿಡುತ್ತವೆ. ಮಲೆನಾಡಿಗರು ಇವುಗಳಿಗೆ 'ಹತ್ತುಮೀನು' ಎಂದೇ ಹೆಸರಿಟ್ಟಿದ್ದಾರೆ. ಹತ್ತು ಎಂದರೆ ಇಲ್ಲಿ ಸಂಖ್ಯೆಯಲ್ಲ, ಏರುವ ಕ್ರಿಯೆ. ರಾತ್ರಿ ಬೆಳಕು ಹಿಡಿದು, ಬಿದಿರಿನ ಕೂಣಿ ಒಡ್ಡಿ ಹತ್ತುಮೀನು ಹಿಡಿಯುವುದು ಅಲ್ಲಿನ ಮಳೆಗಾಲದ ಹಬ್ಬವೇ ಸರಿ. ಸಪ್ಪೊರೊದವರಿಗೆ ಶರತ್ಕಾಲ ಹೇಗೋ ಮಲೆನಾಡಿಗರಿಗೆ ಆರಿದ್ರಾ ಮಳೆ ಹಾಗೆ.

ಹತ್ತುವ ಮೀನುಗಳಲ್ಲಿ ದೊಡ್ಡದು ಮಹಶೀರ್. ಕಾವೇರಿ ಸೀಮೆಯಲ್ಲಿ ಬಿಳಿಮೀನು ಎನ್ನುವುದು ಇದನ್ನೇ. ಇದು ಸಮುದ್ರಕ್ಕೆ ಹೋಗುವುದಿಲ್ಲ. ನದಿಯೊಳಗೇ ಯಾತ್ರೆ ಮಾಡುತ್ತದೆ. ಬೇಸಿಗೆಯಲ್ಲಿ ಆಳವಾದ ಮಡುಗಳಲ್ಲಿದ್ದು, ಮಳೆಗಾಲದ ನೆರೆ ಬಂದಾಗ ಮೇಲಕ್ಕೆ, ಉಪನದಿಗಳ ಹರಳುಕಲ್ಲಿನ ತಳಕ್ಕೆ ಹೋಗಿ ಮೊಟ್ಟೆಯಿಡುತ್ತದೆ. ಅದಕ್ಕೆ ಬೇಕಾದದ್ದು ಸಾಲ್ಮನ್‌ಗೆ ಬೇಕಾದದ್ದೇ: ತಡೆಯಿಲ್ಲದ ದಾರಿ, ಉಸಿರಾಡುವ ನೀರು, ಕೆಸರಿಲ್ಲದ ಹರಳು.

ಮೀನನ್ನು ನೋಡಲೆಂದೇ ಹೊಳೆಗೆ ಹೋಗುವ ರೂಢಿಯೂ ಇಲ್ಲಿ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಪುರಿ ಹಾಕದೆ ಬಂದ ಯಾತ್ರಿಕರು ಕಡಿಮೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆ, ಇವೆಲ್ಲ ದೇವರ ಮೀನುಗಳ ತಾಣಗಳು. ಅಲ್ಲಿ ಬಲೆ ಬೀಸುವಂತಿಲ್ಲ. ಸರ್ಕಾರ ಅಭಯಾರಣ್ಯ ಎಂಬ ಪದವನ್ನು ಬಳಕೆಗೆ ತರುವುದಕ್ಕೆ ಎಷ್ಟೋ ಮೊದಲೇ ಜನ ಮಡುವೊಂದನ್ನು ದೇವರ ಹೆಸರಿಗೆ ಬಿಟ್ಟು, ಮೀನಿಗೆ ಅಭಯ ಕೊಟ್ಟಿದ್ದರು. ಆದರೆ ಭಕ್ತಿಯ ಬೇಲಿ ಎಲ್ಲವನ್ನೂ ತಡೆಯಲಾರದು. 1996ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದರು. ರಾಶಿ ರಾಶಿ ಮೀನು ಸತ್ತು ತೇಲಿತು. ಸತ್ತ ಮೀನುಗಳಿಗಾಗಿ ಊರಿನವರು ಅಲ್ಲಿ ಸ್ಮಾರಕ ನಿಲ್ಲಿಸಿದರು. ಮೀನಿಗೆ ಸ್ಮಾರಕ ಕಟ್ಟುವ ಊರು ಲೋಕದಲ್ಲಿ ಎಷ್ಟಿದ್ದಾವು?

ಇನ್ನು ಬೆಂಗಳೂರಿಗೆ ಬರೋಣ. ಈ ಊರು ದೊಡ್ಡ ನದಿಯ ದಂಡೆಯ ಮೇಲಿಲ್ಲ, ದಿಣ್ಣೆಯ ಮೇಲಿದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯನ್ನು ಸೇರಿ, ಅರ್ಕಾವತಿಗೆ ಇಳಿದು, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಒಂದು ನಂಬಿಕೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯೆದುರು, ನಂದಿಯ ಬಾಯಿಂದ ನೀರು ಸುರಿಯುವ ನಂದಿತೀರ್ಥವೂ ಅದರ ಮೂಲವೆಂದು ಹೇಳುವವರಿದ್ದಾರೆ. ವೈಯಾಲಿಕಾವಲ್‌ನಿಂದ ಆ ಗುಡಿಗೆ ನಡೆದೇ ಹೋಗಬಹುದು. ಹಾಗೆ ನೋಡಿದರೆ ವೈಯಾಲಿಕಾವಲ್ ನದಿಮೂಲದ ನೆರೆಯೂರು. ಕಾವಲ್ ಎಂದರೆ ಹುಲ್ಲುಗಾವಲು. ಹುಲ್ಲಿದ್ದ ಕಡೆ ನೀರೂ ಇರುತ್ತಿತ್ತು.

ವೈಯಾಲಿಕಾವಲ್‌ನ ಮಗ್ಗುಲಲ್ಲೇ ಇರುವ ಸ್ಯಾಂಕಿ ಕೆರೆಯನ್ನು ನೋಡಿ. 1870ರ ದಶಕದ ಭೀಕರ ಬರಗಾಲದ ನೆನಪು ಹಸಿಯಾಗಿದ್ದಾಗ, 1882ರಲ್ಲಿ, ಕರ್ನಲ್ ರಿಚರ್ಡ್ ಸ್ಯಾಂಕಿ ಇದನ್ನು ಕಟ್ಟಿಸಿದರು. ಗಂಧದ ಕೋಠಿ ಹತ್ತಿರವಿದ್ದುದರಿಂದ ಜನ ಇದನ್ನು ಗಂಧದಕೋಠಿ ಕೆರೆ ಎಂದೂ ಕರೆದರು. 1995ರ ಜೂನ್‌ನಲ್ಲಿ ಇದೇ ಕೆರೆಯಲ್ಲಿ ಮೀನುಗಳು ಸತ್ತು ತೇಲಿದವು. ವಿಜ್ಞಾನಿಗಳು ಪರೀಕ್ಷಿಸಿ ಕಾರಣ ಹೇಳಿದರು: ಕೆರೆಗೆ ಸೇರಿದ ಕೊಳಚೆಯಿಂದಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಹಠಾತ್ತನೆ ಕುಸಿದಿತ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲೂ ಸಾವಿರಾರು ಮೀನು ಸತ್ತವು. ಕೊಳಚೆ ಎಂದರೆ ನೇರ ವಿಷವೇ ಆಗಬೇಕಿಲ್ಲ. ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಆಗ ನೀರಿನಲ್ಲಿದ್ದೂ ಮೀನು ಉಸಿರುಗಟ್ಟಿ ಸಾಯುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ನೋಡಬೇಕು. ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ. 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. 1974ರಿಂದ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಎತ್ತಿ ತರಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆ ಹೆಚ್ಚುವರಿಯಾಗಿ ಸೇರಿತು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80 ಭಾಗ ಚರಂಡಿಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕಾಚಾರ. ಪಶ್ಚಿಮದ ಬಡಾವಣೆಗಳ ಚರಂಡಿ ನೀರು ಕೊನೆಗೆ ಸೇರುವುದು ಎಲ್ಲಿಗೆ? ವೃಷಭಾವತಿ, ಅರ್ಕಾವತಿಗಳ ದಾರಿಯಾಗಿ ಮತ್ತೆ ಕಾವೇರಿಗೇ. ತಿಳಿನೀರನ್ನು ತಂದ ಊರು, ಪಡೆದ ನದಿಗೇ ಕೊಳೆಯನ್ನು ಹಿಂದಿರುಗಿಸುತ್ತಿದೆ.

ಈ ಕೊಳೆ ಸೇರುವ ಸಂಗಮ ಯಾರ ಮನೆ? ಮಹಶೀರ್‌ನ ಮನೆ. ಸಂಗಮ, ಮೇಕೆದಾಟು, ಭೀಮೇಶ್ವರಿಯ ಸುತ್ತಿನ ಕಾವೇರಿ ಒಂದು ಕಾಲದಲ್ಲಿ ದೊಡ್ಡ ಮಹಶೀರ್‌ಗಳಿಗೆ ಜಗತ್ಪ್ರಸಿದ್ಧವಾಗಿತ್ತು. ಮೈಸೂರು ಸೀಮೆಯಲ್ಲಿ 1946ರಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಗೂನು ಬೆನ್ನಿನ ಈ ದೈತ್ಯ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ವಿಚಿತ್ರವೆಂದರೆ, ಲೋಕಕ್ಕೆಲ್ಲ ಗೊತ್ತಿದ್ದ ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿತು. ನಾಮಕರಣವೂ ಮರಣಶಯ್ಯೆಯ ಸುದ್ದಿಯೂ ಒಟ್ಟಿಗೇ ಬಂದಂತಾಯಿತು.

ಅಳಿವಿಗೆ ಕೊಳಚೆಯೊಂದೇ ಕಾರಣ ಎನ್ನುವುದು ತಪ್ಪಾದೀತು. ಅಣೆಕಟ್ಟುಗಳು ಮೀನಿನ ದಾರಿಗೆ ಅಡ್ಡ ನಿಂತವು. ಮರಳು ಎತ್ತಿದ್ದರಿಂದ ತಳ ಹಾಳಾಯಿತು. ಸಿಡಿಮದ್ದು ಸಿಡಿಸಿ ಮೀನು ಹಿಡಿಯುವವರು ಮರಿಯನ್ನೂ ಉಳಿಸಲಿಲ್ಲ. ಜೊತೆಗೆ ಒಳ್ಳೆಯ ಉದ್ದೇಶದ ಒಂದು ಕೆಲಸವೂ ತೊಡಕಾಯಿತು. ಮಹಶೀರ್ ಕಡಿಮೆಯಾಗುತ್ತಿದೆಯೆಂದು ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಚೆನ್ನಾಗಿ ಹೆಚ್ಚಿದವು. ಅವು ಹೆಚ್ಚುತ್ತ ಹೋದ ವರ್ಷಗಳಲ್ಲೇ ಗೂನುಬೆನ್ನಿನ ಮೂಲನಿವಾಸಿ ಕಣ್ಮರೆಯಾಗುತ್ತ ಬಂತು ಎಂಬುದನ್ನು ಗಾಳ ಹಾಕುವವರು ಬರೆದಿಟ್ಟ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ತೋರಿಸಿದ್ದಾರೆ. ಥೇಮ್ಸ್‌ನ ಪಾಠವೇ ಇಲ್ಲಿ ಇನ್ನೂ ಕಹಿಯಾಗಿ ಕಾಣುತ್ತದೆ. ಮೀನು ಮೀನೇ ಅಲ್ಲವೇ ಎನ್ನುವಂತಿಲ್ಲ. ಯಾವ ಹೊಳೆಯ ಮೀನು ಎಂಬುದು ಮುಖ್ಯ.

ಹಾಗಾದರೆ ವೃಷಭಾವತಿಗೆ ಮೀನು ಮರಳೀತೇ? ಮಹಶೀರ್ ನಾಯಂಡಹಳ್ಳಿಯವರೆಗೆ ಈಜಿ ಬರುವ ಕನಸು ಯಾರೂ ಕಾಣಬೇಕಿಲ್ಲ. ದಿಣ್ಣೆಯ ಮೇಲೆ ಹುಟ್ಟುವ ಆ ಸಣ್ಣ ಹೊಳೆ ಅಂಥ ದೊಡ್ಡ ಮೀನಿನ ಜಾಗವಲ್ಲ. ಹಳ್ಳಕೊಳ್ಳಗಳಲ್ಲಿ ಬದುಕುವ ಸಣ್ಣ ಮೀನು ಬಂದರೂ ಅದು ದೊಡ್ಡ ಸುದ್ದಿಯೇ. ಅದು ಅಸಾಧ್ಯವೂ ಅಲ್ಲ. ನಗರದ ಉತ್ತರದ ಜಕ್ಕೂರು ಕೆರೆಗೆ, ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಆ ಕೆರೆಯಲ್ಲಿ ಮೀನುಗಾರಿಕೆಯೂ ನಡೆದಿದೆ. ಪೂರ್ವದ ಕಣಿವೆಯಲ್ಲಿ, ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಸಾಗುವ ರಾಜಕಾಲುವೆಯಿಂದ ಕೊಳಚೆಯನ್ನು ಬೇರ್ಪಡಿಸಿ ದಡವನ್ನು ಜನರಿಗೆ ತೆರೆಯುವ ಕೆ-100 ಯೋಜನೆಯನ್ನು 2021ರಲ್ಲಿ ಕೈಗೆತ್ತಿಕೊಳ್ಳಲಾಯಿತು. ದಾರಿ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ.

ದಾರಿಯಲ್ಲಿ ಗುಟ್ಟೇನೂ ಇಲ್ಲ. ಮಳೆನೀರಿನ ಕಾಲುವೆಗೆ ಮನೆಯ, ಕಾರ್ಖಾನೆಯ ಕೊಳೆ ಸೇರಬಾರದು. ಸೇರಿದ್ದು ಶುದ್ಧವಾಗದೆ ಮುಂದೆ ಹೋಗಬಾರದು. ಹೊಳೆಯ ತಳಕ್ಕೆ ಸಿಮೆಂಟು ಬಳಿಯಬಾರದು. ಹರಳು, ಮರಳು, ಹುಲ್ಲು ಇರಬೇಕು. ಮೀನು ಬಿಡುವ ಸಮಾರಂಭ ಕೊನೆಯ ಕೆಲಸ, ಬಹುಶಃ ಬೇಕಾಗದ ಕೆಲಸ. ಸಪ್ಪೊರೊದಲ್ಲಿ ಒಳಚರಂಡಿ ಮೊದಲು ಬಂತು, ಚಳವಳಿ ಆಮೇಲೆ ಬಂತು, ಮೀನು ಕೊನೆಗೆ ಬಂತು. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ಉಳಿಯುವುದು ಸಮಾರಂಭದ ಫೋಟೋ ಮಾತ್ರ.

ಮೀನಿನ ಹೆಜ್ಜೆಯನ್ನು ಕಂಡವರಿಲ್ಲ ಎನ್ನುವುದು ರೂಢಿಯ ಮಾತು. ಆದರೆ ನೀರಿನ ಹೆಜ್ಜೆ ಎಲ್ಲರಿಗೂ ಕಾಣುವಂಥದು. ಅದು ವೈಯಾಲಿಕಾವಲ್‌ನ ಒಂದು ನಲ್ಲಿಯಿಂದ ಹೊರಟು, ಬಚ್ಚಲನ್ನು ದಾಟಿ, ಮೋರಿ ಹಿಡಿದು, ಯಾವುದೋ ಹೊಳೆಯ ಹೆಸರಿನಲ್ಲಿ ಮುಂದೆ ಹೋಗುತ್ತದೆ. ಶೃಂಗೇರಿಯ ಮೆಟ್ಟಿಲಲ್ಲಿ ಕುಳಿತು ಮೀನಿಗೆ ಪುರಿ ಹಾಕುವ ಕೈ ಇದೇ ಊರಿನದು. ಹಿತ್ತಿಲ ಮೋರಿಗೆ ಕೊಳೆ ಚೆಲ್ಲುವ ಕೈಯೂ ಇದೇ ಊರಿನದು. ದೇವರ ಮಡುವಿನ ಮೀನಿಗೆ ಕೊಟ್ಟ ಅಭಯವನ್ನು ಮನೆಯೆದುರಿನ ಕಾಲುವೆಗೂ ಕೊಡಲು ಬೆಂಗಳೂರು ಒಪ್ಪಿದ ದಿನ, ಮೀನನ್ನು ಯಾರೂ ಕರೆಯಬೇಕಾಗುವುದಿಲ್ಲ. ಮಳೆ ಬಂದಾಗ ಅದು ತಾನೇ ಹತ್ತಿ ಬರುತ್ತದೆ.