ಪಂಚಾಂಗದಲ್ಲಿ ಇಲ್ಲದ ಹಬ್ಬ: ಖೋಪೋಲಿಯಲ್ಲಿ ಹ್ಯಾಲೋವೀನ್, ಕೈಯಲ್ಲಿ ಕ್ಯಾಮೆರಾ

ಇವತ್ತು ಮೂರು ವಿಷಯ ಮಾತಾಡ್ತೀನಿ: ಥೀಮ್ ಪಾರ್ಕು, ಹ್ಯಾಲೋವೀನು, ಫೋಟೋ. ಮೂರಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. 2024ರ ಅಕ್ಟೋಬರ್‌ನಲ್ಲಿ ನಾನು, ನನ್ನ ಗಂಡ ಇಬ್ಬರೂ ಎರಡು ದಿನ ರಜೆ ತಗೊಂಡು ಖೋಪೋಲಿಯ ಇಮ್ಯಾಜಿಕಾಗೆ ಹೋಗಿದ್ವಿ. ಅಲ್ಲಿ ಈ ಮೂರೂ ಒಂದೇ ಕಡೆ ಸೇರಿದ್ದವು. ವೃತ್ತಿಯಲ್ಲಿ ನಾನು ಸಾಫ್ಟ್‌ವೇರ್ ಇಂಜಿನಿಯರ್, ಹಾಗಾಗಿ ನಡುವೆ ಒಂದಿಷ್ಟು ಲೆಕ್ಕ ಬರುತ್ತೆ. ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಯಾಕೆ ಹೋದ್ವಿ ಅಂತ ಹೇಳಿಬಿಡ್ತೀನಿ. ಆ ವರ್ಷ ಫೆಬ್ರವರಿಯಲ್ಲಿ ನಮ್ಮ ಅತ್ತೆ ತೀರಿಕೊಂಡ್ರು. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಇರೋ ಪದ್ಧತಿ ನಿಮಗೆ ಗೊತ್ತೇ ಇದೆ: ವರ್ಷಾಂತಿಕ ಆಗೋವರೆಗೂ ಹಬ್ಬ ಇಲ್ಲ. ಯುಗಾದಿ ಇಲ್ಲ, ಚೌತಿ ಇಲ್ಲ, ನವರಾತ್ರಿ ಇಲ್ಲ. ಮುಲುಂಡ್‌ನಲ್ಲಿ ಅಕ್ಟೋಬರ್ ಕೊನೆ ಅಂದ್ರೆ ಪ್ರತಿ ಬಾಲ್ಕನಿಯಲ್ಲೂ ಕಂದೀಲು ನೇತಾಡುತ್ತೆ, ಸೊಸೈಟಿ ಅಂಗಳದಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ತಾರೆ, ಮೇಲೆ ಶಿವಾಜಿ ಮಹಾರಾಜರ ಗೊಂಬೆ ಕೂರಿಸ್ತಾರೆ. ಆ ಸಾಲಿನಲ್ಲಿ ನಮ್ಮ ಬಾಲ್ಕನಿ ಒಂದೇ ಕತ್ತಲೆ. ಕುಂದಾಪುರದಿಂದ ಚಿಕ್ಕಮ್ಮ, ಅಂದ್ರೆ ಅತ್ತೆಯ ತಂಗಿ, ಫೋನ್ ಮಾಡಿ ನೆನಪಿಸಿದ್ರು: ಈ ಸಲ ಗೂಡುದೀಪ ಕಟ್ಟಬೇಡಿ, ಎಣ್ಣೆಸ್ನಾನ ಬೇಡ, ಹೊಸ ಬಟ್ಟೆ ಬೇಡ.

ನನ್ನ ಗಂಡ ಆ ಎಂಟು ತಿಂಗಳಲ್ಲಿ ಆಫೀಸು, ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಹಬ್ಬದ ವಾರ ಈ ಕತ್ತಲೆ ಬಾಲ್ಕನಿಯಲ್ಲಿ ಕೂತಿರೋದು ಬೇಡ ಅಂತ ನನಗೆ ಅನ್ನಿಸ್ತು. ಪಾರ್ಕಿನಲ್ಲಿ ಹ್ಯಾಲೋವೀನ್ ಅಂತ ಗೊತ್ತಾಯ್ತು. ಆದ್ರೂ ಒಂದು ಅಳುಕು. ಚಿಕ್ಕಮ್ಮನನ್ನೇ ಕೇಳಿದೆ. ದೆವ್ವದ ವೇಷ ಹಾಕೋ ಹಬ್ಬ ಅಂತ ವಿವರಿಸಿದೆ. ಅವರು ಸ್ವಲ್ಪ ಯೋಚನೆ ಮಾಡಿ ಹೇಳಿದ್ರು: "ಅದ್ ನಮ್ ಪಂಚಾಂಗದಗೆ ಇಲ್ಲ ಅಲ್ದಾ? ಹೋಯ್ ಬನ್ನಿ."

ಈ ತೀರ್ಪು ನನಗೆ ತುಂಬಾ ಇಷ್ಟ ಆಯ್ತು. ಅದರಲ್ಲಿ ಒಂದು ತಮಾಷೆಯೂ ಇದೆ. ಯಾಕಂದ್ರೆ ಹ್ಯಾಲೋವೀನ್ ಹುಟ್ಟಿದ್ದೇ ಸತ್ತವರ ನೆನಪಿನಲ್ಲಿ.

ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನರಿಗೆ ಸಾವಿನ್ ಅಂತ ಒಂದು ಹಬ್ಬ ಇತ್ತು. ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತು. ಆ ರಾತ್ರಿ ಸತ್ತವರು ಮನೆ ಕಡೆ ಬರ್ತಾರೆ ಅನ್ನೋ ನಂಬಿಕೆ. ಆಮೇಲೆ ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸಕಲ ಆತ್ಮಗಳ ದಿನ ಆಯ್ತು. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್. ಅಲ್ಲಿಯವರು ಮೊದಲು ಟರ್ನಿಪ್ ಗಡ್ಡೆ ಕೊರೆದು ದೀಪ ಇಡ್ತಿದ್ರು. ವಲಸೆ ಹೋಗಿ ಅಮೆರಿಕ ಸೇರಿದ ಮೇಲೆ ಅಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿ ಸಿಕ್ತು, ಕೊರೆಯೋದೂ ಸುಲಭ. ಹಾಗೆ ಕುಂಬಳಕಾಯಿ ಬಂತು.

ಈಗ ನಮ್ಮ ಕಡೆ ನೋಡಿ. ಕಾರ್ತಿಕದಲ್ಲಿ ಎತ್ತರಕ್ಕೆ ಆಕಾಶದೀಪ ಕಟ್ಟೋದು ಪಿತೃಗಳಿಗೆ ದಾರಿ ತೋರಿಸೋದಕ್ಕೆ ಅಂತ ಹಿರಿಯರು ಹೇಳ್ತಾರೆ. ಕರಾವಳಿಯಲ್ಲಿ ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು, ಕೂ ಹಾಕಿ, ಬಲೀಂದ್ರನನ್ನ ಕರೀತಾರೆ. ಪಾತಾಳಕ್ಕೆ ಹೋದವನು ವರ್ಷಕ್ಕೊಮ್ಮೆ ತನ್ನ ನೆಲ ನೋಡೋದಕ್ಕೆ ಬರ್ತಾನೆ. ನಮ್ಮ ಧಾರವಾಡದ ಕಡೆ ದೀಪಾವಳಿಯಲ್ಲಿ ಹುಡುಗರು ದೀಪ ಹಿಡಕೊಂಡು ಆಣೀ ಪೀಣೀ ಹಾಡ್ತಾ ಮನೆ ಮನೆಗೆ ಬರ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಆಟಿ ಕಳಂಜ ವೇಷ ಹಾಕಿ ಮನೆಗೆ ಬರ್ತಾನೆ, ಅವನಿಗೆ ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳಿಸ್ತಾರೆ. ಕುಂಬಳಕಾಯಿಗೆ ರಾಕ್ಷಸನ ಮುಖ ಬರೆದು ಕಟ್ಟಡದ ಮುಂದೆ ಕಟ್ಟೋದು ನಮಗೇನು ಹೊಸದಾ? ಮತ್ತೆ "ನಾಳೆ ಬಾ" ಅಂತ ಬಾಗಿಲ ಮೇಲೆ ಬರೆದು ದೆವ್ವವನ್ನ ವಾಪಸ್ ಕಳಿಸಿದ ನಾಡು ನಮ್ಮದು. ಹ್ಯಾಲೋವೀನ್ ಇಲ್ಲಿಂದ ಹೋಯ್ತು ಅಂತ ಹೇಳ್ತಿಲ್ಲ, ಹಾಗೆ ತಿಳ್ಕೋಬೇಡಿ. ಬೆಳೆ ಮುಗಿದು, ಕತ್ತಲೆ ಜಾಸ್ತಿಯಾಗೋ ಕಾಲದಲ್ಲಿ ದೀಪ ಹಚ್ಚಿ ಹೋದವರನ್ನ ನೆನೆಯೋದು ಎಷ್ಟೋ ಕಡೆ ಇದೆ, ಅಷ್ಟೇ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು, ಅಕ್ಟೋಬರ್ 31.

ಥೀಮ್ ಪಾರ್ಕಿಗೆ ಇದು ಹೇಗೆ ಬಂತು? ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್ ಅನ್ನೋ ಪಾರ್ಕು 1973ರಲ್ಲಿ ಶುರು ಮಾಡಿತು. ಫ್ಲಾರಿಡಾದಲ್ಲಿ ಯೂನಿವರ್ಸಲ್ 1991ರಲ್ಲಿ ಶುರು ಮಾಡಿತು. ಕಾರಣ ಸರಳ. ಬೇಸಿಗೆ ರಜೆ ಮುಗಿದ ಮೇಲೆ ಪಾರ್ಕುಗಳು ಖಾಲಿ ಹೊಡೀತವೆ. ಬೇಗ ಕತ್ತಲಾಗೋ ಕಾಲ. ಆ ಕತ್ತಲೆಯನ್ನೇ ಟಿಕೆಟ್ ಮಾಡಿ ಮಾರಿದ್ರು. ನಮ್ಮಲ್ಲಿ ಲೆಕ್ಕ ಬೇರೆ. ಮಳೆಗಾಲ ಮುಗಿದಿರುತ್ತೆ, ದೀಪಾವಳಿ ರಜೆ ಎದುರಿಗೇ ಇರುತ್ತೆ, ಆ ನಡುವಿನ ವಾರಾಂತ್ಯಕ್ಕೆ ಹ್ಯಾಲೋವೀನ್ ಸರಿಯಾಗಿ ಕೂರುತ್ತೆ.

ಇಮ್ಯಾಜಿಕಾದ ಬಗ್ಗೆ ಒಂದು ಮಾತು. ಇದನ್ನ ಕಟ್ಟಿಸಿದವರು ಮನಮೋಹನ್ ಶೆಟ್ಟಿ, ನಮ್ಮ ಕರಾವಳಿ ಮೂಲದವರು. 1978ರಲ್ಲಿ ಆಡ್‌ಲ್ಯಾಬ್ಸ್ ಅಂತ ಸಿನಿಮಾ ರೀಲು ತೊಳೆಯೋ ಲ್ಯಾಬ್ ಶುರು ಮಾಡಿದವರು. 2013ರ ಏಪ್ರಿಲ್‌ನಲ್ಲಿ ಈ ಪಾರ್ಕು ತೆರೆಯಿತು. 2022ರಲ್ಲಿ ಮಾಲ್ಪಾನಿ ಗುಂಪು ವಹಿಸಿಕೊಂಡಿತು. ಸಿನಿಮಾದವರು ಕಟ್ಟಿದ್ದು ಅನ್ನೋದು ಒಳಗೆ ಹೋದ ಕೂಡಲೇ ಗೊತ್ತಾಗುತ್ತೆ. ಮಿಸ್ಟರ್ ಇಂಡಿಯಾ ಹೆಸರಿನ ರೈಡ್ ಇದೆ, ಆಲಿಬಾಬಾ ಇದ್ದಾನೆ, ನರ್ಮದಾ ಕಣಿವೆಯಲ್ಲಿ ಮೂಳೆ ಸಿಕ್ಕ ರಾಜಾಸಾರಸ್ ಡೈನೋಸಾರಿನ ಹೆಸರಲ್ಲಿ ನೀರಿನ ಸವಾರಿ ಇದೆ.

ಮುಲುಂಡ್‌ನಿಂದ ಹೋಗೋದು ಕಷ್ಟ ಇಲ್ಲ. ಐರೋಲಿ ಸೇತುವೆ ದಾಟಿ, ನವಿ ಮುಂಬೈ, ಕಳಂಬೋಲಿ, ಅಲ್ಲಿಂದ ಎಕ್ಸ್‌ಪ್ರೆಸ್‌ವೇ, ಖೋಪೋಲಿ ಹತ್ತಿರ ಇಳಿದು ಪಾಲಿ ರಸ್ತೆ. ಕಾರಿಲ್ಲದವರು ಕರ್ಜತ್ ಮೇಲೆ ಹೋಗೋ ಖೋಪೋಲಿ ಲೋಕಲ್ ಹಿಡೀಬಹುದು. ಅದೇ ಪಾಲಿಯಲ್ಲಿ ಅಷ್ಟವಿನಾಯಕರಲ್ಲಿ ಒಬ್ಬನಾದ ಬಲ್ಲಾಳೇಶ್ವರ ಇದ್ದಾನೆ. ಹಾಗಾಗಿ ಬೆಳಿಗ್ಗೆ ಆ ರಸ್ತೆಯಲ್ಲಿ ಅರ್ಧ ಗಾಡಿಗಳಲ್ಲಿ ಹಣೆಗೆ ಕುಂಕುಮ, ಇನ್ನರ್ಧ ಗಾಡಿಗಳಲ್ಲಿ ತಲೆಗೆ ಪ್ಲಾಸ್ಟಿಕ್ ಕೊಂಬು.

ಅಕ್ಟೋಬರ್ 26, ಶನಿವಾರ. ಬಿಸಿಲು ಅಂದ್ರೆ ಬಿಸಿಲು. ಶರದೃತು ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಮುಂಬೈಯಲ್ಲಿ ಅದರ ಹೆಸರು ಅಕ್ಟೋಬರ್ ಹೀಟ್. ಎಲೆ ಉದುರೋದಿಲ್ಲ, ಬೆವರು ಮಾತ್ರ ಉದುರುತ್ತೆ. ಬಾಗಿಲಲ್ಲೇ ಕುಂಬಳಕಾಯಿ, ಜೇಡರ ಬಲೆ, ಮುಖಕ್ಕೆ ಬಣ್ಣ ಹಚ್ಚೋ ಮೇಜು. ಒಂದು ಐದು ವರ್ಷದ ಹುಡುಗಿ ಮಾಟಗಾತಿ ವೇಷದಲ್ಲಿ ವಡಾಪಾವ್ ತಿಂತಾ ಇದ್ದಳು.

ಇನ್ನು ಫೋಟೋ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಿಮಗೆ ಉಪಯೋಗ ಆಗಬಹುದು.

ಒಂದು, ವೇಗ. ಅಲ್ಲಿ ನೈಟ್ರೋ ಅಂತ ರೋಲರ್ ಕೋಸ್ಟರ್ ಇದೆ, ಸ್ವಿಟ್ಜರ್ಲೆಂಡಿನ ಕಂಪನಿ ಮಾಡಿದ್ದು. ಸುಮಾರು 40 ಮೀಟರ್ ಎತ್ತರ, ಕಾಲ ಕೆಳಗೆ ನೆಲ ಇರೋದಿಲ್ಲ, ಗಂಟೆಗೆ ಸುಮಾರು 105 ಕಿಲೋಮೀಟರ್ ವೇಗ. ಅಂದ್ರೆ ಸೆಕೆಂಡಿಗೆ 29 ಮೀಟರ್. ನಿಮ್ಮ ಶಟರ್ ಸೆಕೆಂಡಿನ 30ನೇ ಒಂದು ಭಾಗ ತೆರೆದಿದ್ರೆ ಅಷ್ಟರಲ್ಲಿ ಗಾಡಿ ಹತ್ತಿರ ಹತ್ತಿರ ಒಂದು ಮೀಟರ್ ಓಡಿರುತ್ತೆ. ಫೋಟೋದಲ್ಲಿ ಬರೀ ಗೆರೆ. 1000ನೇ ಒಂದು ಭಾಗ ಇಟ್ರೆ 3 ಸೆಂಟಿಮೀಟರ್ ಮಾತ್ರ. ಹಾಗಾಗಿ ವೇಗದ ರೈಡ್‌ಗಳ ಫೋಟೋ ಹಗಲಲ್ಲೇ ತೆಗೆದು ಮುಗಿಸಿ. ರಾತ್ರಿ ಅಷ್ಟು ಬೆಳಕು ಸಿಗೋದಿಲ್ಲ.

ಎರಡು, ಕತ್ತಲೆ. ಫೋನಿನ ನೈಟ್ ಮೋಡ್ ಒಂದು ಫೋಟೋ ತೆಗೆಯೋದಿಲ್ಲ, ಹಲವು ಫೋಟೋ ತೆಗೆದು, ಒಂದರ ಮೇಲೊಂದು ಜೋಡಿಸಿ, ಸರಾಸರಿ ಮಾಡುತ್ತೆ. 9 ಫೋಟೋ ಸೇರಿಸಿದ್ರೆ ಕಾಳುಕಾಳಾಗಿ ಕಾಣೋ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತೆ, ವರ್ಗಮೂಲದ ಲೆಕ್ಕ. ಆದ್ರೆ ನಿಂತಿರೋ ವಸ್ತುವಿಗೆ ಮಾತ್ರ. ಕುಂಬಳಕಾಯಿ ದೀಪಕ್ಕೆ ಚೆನ್ನ, ಕುಣಿಯೋ ದೆವ್ವಕ್ಕೆ ಅಲ್ಲ. ಉಸಿರು ಹಿಡಿದು, ಮೊಣಕೈ ಕಟ್ಟೆಗೆ ಊರಿ ತೆಗೀರಿ.

ಮೂರು, ಪಟ್ಟೆ ಪಟ್ಟೆ ಬರೋದು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣೋದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತೆ. ಶಟರನ್ನ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ಇಟ್ರೆ ಪಟ್ಟೆ ಹೋಗುತ್ತೆ.

ನಾಲ್ಕು, ಹೊತ್ತು. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಆರು ಗಂಟೆ ಸುಮಾರಿಗೆ ಮುಳುಗ್ತಾನೆ. ಆಮೇಲಿನ ಇಪ್ಪತ್ತು ನಿಮಿಷ ಆಕಾಶ ನೀಲಿ, ದೀಪ ಹಳದಿ, ಎರಡೂ ಸಮಸಮ. ಮುಖದ ಫೋಟೋ ತೆಗೆಯೋದಕ್ಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಆ ಹೊತ್ತಿಗೆ ಕ್ಯೂನಲ್ಲಿ ನಿಲ್ಲಬೇಡಿ.

ಐದು, ಮರ್ಯಾದೆ. ದೆವ್ವದ ವೇಷದಲ್ಲಿ ಇರೋರು ಕೆಲಸಕ್ಕೆ ಬಂದ ಹುಡುಗ ಹುಡುಗಿಯರು. ಆ ಸೆಕೆಯಲ್ಲಿ ದಪ್ಪ ಬಟ್ಟೆ, ಮುಖದ ತುಂಬ ಬಣ್ಣ. ಮುಖಕ್ಕೆ ಫ್ಲ್ಯಾಶ್ ಹೊಡೀಬೇಡಿ, ಕೇಳಿ ತೆಗೀರಿ. ಬೇರೆಯವರ ಮಕ್ಕಳು ಎಷ್ಟೇ ಮುದ್ದಾಗಿ ವೇಷ ಹಾಕಿದ್ರೂ ಅವರ ಅಪ್ಪ ಅಮ್ಮನನ್ನ ಕೇಳದೆ ತೆಗೀಬೇಡಿ. ಆ ವಡಾಪಾವ್ ಮಾಟಗಾತಿಯ ಫೋಟೋ ನನ್ನ ಹತ್ತಿರ ಇಲ್ಲ. ಅವಳ ಅಮ್ಮ ಬೇಡ ಅಂದ್ರು, ಬಿಟ್ಟೆ.

ಈಗ ಕೊನೆಯದು, ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು.

ಅತ್ತೆ ಹೋದಾಗ, ಹದಿಮೂರನೇ ದಿನಕ್ಕೆ ಒಂದು ಫೋಟೋ ಬೇಕಾಯ್ತು. ಹಾರ ಹಾಕೋದಕ್ಕೆ. ನಮ್ಮಿಬ್ಬರ ಫೋನು ಸೇರಿಸಿ ಹನ್ನೊಂದು ಸಾವಿರ ಫೋಟೋ ಇದ್ದವು. ಮುಖ ಗುರುತಿಸೋ ಹುಡುಕಾಟ ಹಾಕಿದ್ವಿ. ಅತ್ತೆಯದು 14 ಬಂತು. ಒಂದರಲ್ಲಿ ಬಡಿಸ್ತಾ ಇದ್ದಾರೆ, ತಲೆ ಬಗ್ಗಿದೆ. ಒಂದರಲ್ಲಿ ಯಾರದೋ ಮಗುವಿನ ಹಿಂದೆ ಅರ್ಧ ಮುಖ. ಕೆಲವದರಲ್ಲಿ ಅಂಚಿನಲ್ಲಿ, ಮಸುಕು. "ನಂದೆಂತಕೆ, ನಿಮ್ದ್ ತೆಗೀರಿ" ಅಂತ ಪಕ್ಕಕ್ಕೆ ಸರಿಯೋ ಸ್ವಭಾವ ಅವರದು. ಕೊನೆಗೆ ನಮ್ಮ ಮದುವೆಯ ಗುಂಪು ಫೋಟೋದಿಂದ ಮುಖ ಕತ್ತರಿಸಿ, ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದ್ವಿ. ಅದರಲ್ಲಿ ಎಡ ಭುಜದ ಮೇಲೆ ಬೇರೆ ಯಾರದೋ ರೇಷ್ಮೆ ಸೀರೆಯ ಅಂಚು ಹಾಗೇ ಉಳಿದಿದೆ.

ಪಾರ್ಕಿನಲ್ಲಿ ಮಧ್ಯಾಹ್ನದವರೆಗೂ ನನ್ನ ಗಂಡ ನನ್ನದೇ ಫೋಟೋ ತೆಗೀತಾ ಇದ್ರು. ಅವರ ಕೈಗೆ ಕ್ಯಾಮೆರಾ ಕೊಡಿ ಅಂದೆ. "ನಂದು ಯಾಕೆ?" ಅಂದ್ರು. ಅದೇ ಮಾತು, ಅದೇ ಧಾಟಿ. ಅಂದವರೇ ಸುಮ್ಮನಾದ್ರು. ಆಮೇಲೆ ಕೊಟ್ರು.

ಸಲೀಂಗಢ ಅಂತ ಒಂದು ಭೂತದ ಕೋಟೆ ಇದೆ ಅಲ್ಲಿ, ಕತ್ತಲಲ್ಲಿ ನಡ್ಕೊಂಡು ಹೋಗಬೇಕು. ಫೋನು ಜೇಬಿಗೆ ಹಾಕಿ ಹೋದ್ವಿ. ಪಕ್ಕದಿಂದ ಏನೋ ಕಿರುಚಿತು, ನಾನೂ ಕಿರುಚಿದೆ, ನನ್ನ ಗಂಡ ನನ್ನ ಕೈ ಹಿಡಿದು ಜೋರಾಗಿ ನಕ್ಕರು. ಫೆಬ್ರವರಿಯ ನಂತರ ಆ ನಗು ನಾನು ಕೇಳಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನ ಭಯ ಬೇರೆ, ಈ ಭಯ ಬೇರೆ. ಇದಕ್ಕೆ ಹೊರಗೆ ಹೋಗೋ ಬಾಗಿಲು ಇದೆ, ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂತ ಗೊತ್ತಿರುತ್ತೆ. ಜನ ದುಡ್ಡು ಕೊಟ್ಟು ಹೆದರೋದು ಇದಕ್ಕೇ ಇರಬೇಕು ಅಂತ ನನಗೆ ಅಲ್ಲಿ ಅನ್ನಿಸ್ತು.

ಹೊರಗೆ ಬಂದಾಗ ಆ ನೀಲಿ ಹೊತ್ತು. ಒಂದು ಕಟ್ಟೆ ಮೇಲೆ ಕುಂಬಳಕಾಯಿ ದೀಪದ ಪಕ್ಕ ಕೂರಿಸಿ ಅವರ ಫೋಟೋ ತೆಗೆದೆ. ಮುಖ ನೇರ, ಕಣ್ಣು ತೆರೆದು, ಬೇರೆ ಯಾರೂ ಇಲ್ಲ. ಆಮೇಲೆ ದಾರಿಯಲ್ಲಿ ಹೋಗ್ತಿದ್ದ ಒಬ್ಬರಿಗೆ ಫೋನು ಕೊಟ್ಟು ಇಬ್ಬರದೂ ತೆಗೆಸಿಕೊಂಡ್ವಿ. ರಾತ್ರಿ ಚಿಕ್ಕಮ್ಮನಿಗೆ ಕಳಿಸಿದೆ. ಅವರು ಫೋನ್ ಮಾಡಿ "ಥೇಟ್ ಅಕ್ಕನ ಮುಖ" ಅಂದ್ರು, ಮತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಿಮ್ಮಲ್ಲಿ ನಾನು ಕೇಳೋದು ಇಷ್ಟೇ. ಮುಂದಿನ ಸಲ ಪ್ರವಾಸ ಹೋದಾಗ, ಅದು ಇಮ್ಯಾಜಿಕಾ ಆಗಲಿ, ಬಿಡದಿಯ ವಂಡರ್‌ಲಾ ಆಗಲಿ, ಊರ ಜಾತ್ರೆ ಆಗಲಿ, ಜೊತೆಗೆ ಬಂದ ಪ್ರತಿಯೊಬ್ಬರದೂ ಒಂದೊಂದು ಒಂಟಿ ಫೋಟೋ ತೆಗೀರಿ. ಬೆಳಕು ಮುಖದ ಮೇಲೆ ಬೀಳಲಿ. ಎರಡು ಹೆಜ್ಜೆ ಹತ್ತಿರ ಹೋಗಿ, ಜೂಮ್ ಮಾಡಬೇಡಿ. ಬೇಡ ಅನ್ನೋ ಹಿರಿಯರಿಗೆ ಪಕ್ಕದಲ್ಲಿ ಕೂತು ಮಾತಾಡಿಸಿ, ಒಪ್ಪಿಸಿ, ಆಮೇಲೆ ತೆಗೀರಿ. ಯಾವಾಗಲೂ ಕ್ಯಾಮೆರಾ ಹಿಡಿಯೋರ ಕೈಯಿಂದ ಒಂದು ಸಲ ಅದನ್ನ ಕಿತ್ಕೊಳ್ಳಿ. ಮನೆಗೆ ಬಂದು ಆ ಫೋಟೋಗಳಿಗೆ ಹೆಸರು, ತಾರೀಖು ಹಾಕಿ ಒಂದೇ ಫೋಲ್ಡರಿನಲ್ಲಿಡಿ, ಇನ್ನೊಂದು ಕಾಪಿ ಫೋನಿನ ಹೊರಗೆ ಇರಲಿ. ಅರ್ಧ ಗಂಟೆ ಕೆಲಸ. ಹನ್ನೊಂದು ಸಾವಿರದಲ್ಲಿ ಹುಡುಕೋದು ತಪ್ಪುತ್ತೆ.